ಸರದಿಯ ಫೋನು

ತೇಜಸ್ವಿನಿಗೆ ಎರಡನೆಯ ಸಲ ಕೆಲಸ ಸಿಕ್ಕಿದಾಗ ಅವಳ ಮಗಳು ಪ್ರಣತಿ ಮೂರನೆಯ ಕ್ಲಾಸಿನಲ್ಲಿದ್ದಳು. ಮೊದಲನೆಯ ಕೆಲಸ ಬಹಳ ಹಿಂದಿನದು. ಹಾಸನದ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದ ಅಪ್ಪನ ಜೊತೆ ಬೆಂಗಳೂರಿಗೆ ಬಂದು, ಒಂದು ಕಂಪನಿಯ ಸಪೋರ್ಟ್ ಡೆಸ್ಕಿನಲ್ಲಿ ಕೂತವಳು. ಕಿವಿಗೆ ಹೆಡ್‌ಸೆಟ್ಟು, ಎದುರಿಗೆ ಸ್ಕ್ರೀನು, ಆ ಕಡೆ ಯಾವುದೋ ಊರಿನಲ್ಲಿ ಕಂಪ್ಯೂಟರು ಕೈಕೊಟ್ಟು ರೇಗುತ್ತಿರುವ ಒಬ್ಬ ಮನುಷ್ಯ. ರೇಗುವವರನ್ನು ಸಮಾಧಾನ ಮಾಡುತ್ತಲೇ ಅವಳು ನೆಟ್‌ವರ್ಕ್ ಕಲಿತಳು, ಸರ್ವರ್ ಕಲಿತಳು, ಕಣ್ಣಿಗೆ ಕಾಣದ ಯಂತ್ರವನ್ನು ಇನ್ನೊಬ್ಬರ ಕೈಯಿಂದ ರಿಪೇರಿ ಮಾಡಿಸುವುದನ್ನು ಕಲಿತಳು. ಆಮೇಲೆ ಧನಂಜಯನ ಜೊತೆ ಮದುವೆಯಾಯಿತು. ಪ್ರಣತಿ ಹುಟ್ಟಿದಳು. ಧನಂಜಯನನ್ನು ಅವನ ಕಂಪನಿ ನೈರೋಬಿಯ ಒಂದು ಬ್ಯಾಂಕಿನ ಡೇಟಾ ಸೆಂಟರ್ ನೋಡಿಕೊಳ್ಳಲು ಕಳಿಸಿತು. ಮೂವರೂ ಅಲ್ಲಿನ ಹೈರಿಡ್ಜ್ ಬಡಾವಣೆಯ ಒಂದು ಫ್ಲ್ಯಾಟಿಗೆ ಬಂದಿಳಿದರು.

ಅವಳ ಪಾಸ್‌ಪೋರ್ಟಿನಲ್ಲಿ ‘ಅವಲಂಬಿತೆ’ ಎಂದು ಮುದ್ರೆ ಬಿತ್ತು. ಆ ಮುದ್ರೆಯವರು ಸಂಬಳದ ಕೆಲಸ ಮಾಡುವಂತಿರಲಿಲ್ಲ. ಸಂಬಳವಿಲ್ಲದ್ದನ್ನು ಎಷ್ಟು ಬೇಕಾದರೂ ಮಾಡಬಹುದಿತ್ತು, ಮಾಡಿದಳು. ಗಂಡನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಬ್ಯಾಂಕಿನಿಂದ ಫೋನು ಬಂದರೆ ಮಗುವನ್ನು ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋಗುವುದು, ಅವನು ಮಾತಾಡುವಾಗ ಮಿಕ್ಸಿ ಹಾಕದಿರುವುದು, ಅವನು ಹೊರಟರೆ ಡಬ್ಬಿ, ಹೊರಡದಿದ್ದರೆ ಕಾಫಿ. ಇದು ಕೆಲಸವೆಂದು ಯಾರೂ ಹೇಳಲಿಲ್ಲವಾದ್ದರಿಂದ ಅವಳೂ ಕೆಲವು ವರ್ಷ ಹಾಗೆ ಅಂದುಕೊಳ್ಳಲಿಲ್ಲ.

ಹೈರಿಡ್ಜ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ತಿಂಗಳಿಗೊಂದು ಭಾನುವಾರ ಎಲ್ಲರೂ ಒಂದು ಮನೆಯಲ್ಲಿ ಸೇರುವುದು, ಆ ಮನೆಯವರು ಅಡುಗೆ ಮಾಡಿ ಬಡಿಸುವುದು, ಒಬ್ಬಿಬ್ಬರು ಸಿಹಿ ಮಾಡಿಕೊಂಡು ಬರುವುದು. ಇದಕ್ಕೆ ‘ಸರದಿ ಊಟ’ ಎಂದು ಹೆಸರು. ಶುರು ಮಾಡಿದವರು ದ್ವಾರಕಾನಾಥ್ ಎಂದು ಎಲ್ಲರೂ ಹೇಳುತ್ತಿದ್ದರು. ಬ್ಯಾಂಕಿನಲ್ಲಿ ಧನಂಜಯನಿಗೆ ಹಿರಿಯರು, ಇಪ್ಪತ್ತು ವರ್ಷದಿಂದ ಆ ಊರಿನಲ್ಲಿದ್ದವರು. ಅಡುಗೆ ಮಾಡಿ ಶುರು ಮಾಡಿದವರು ಅವರ ಹೆಂಡತಿ ಭಾನುಮತಿ.

ಅಂಥದೊಂದು ಊಟದಲ್ಲಿ, ಗಂಡಸರು ಕೈ ತೊಳೆದು ಸೋಫಾಕ್ಕೆ ಬಂದ ಮೇಲೆ, ಈಗ ಯಾವ ಕೆಲಸಕ್ಕೆ ಬೇಡಿಕೆ ಎಂಬ ಮಾತು ಬಂತು.

“ಇನ್ಮೇಲೆ ಏನಿದ್ರೂ ಕ್ಲೌಡು,” ಎಂದರು ದ್ವಾರಕಾನಾಥ್. “ಇಲ್ಲಾಂದ್ರೆ ಸೆಕ್ಯೂರಿಟಿ. ಬಾಕಿದ್ದೆಲ್ಲ ಮ್ಯೂಸಿಯಂ.”

ಹೆಂಗಸರ ಪಂಕ್ತಿಗೆ ಎಲೆ ಹಾಕುತ್ತಿದ್ದ ತೇಜಸ್ವಿನಿ ಅಲ್ಲಿಂದಲೇ ಹೇಳಿದಳು. “ಸ್ಪ್ರಿಂಗ್ ವ್ಯಾಲಿಲಿ ಒಂದು ಬರ ಪರಿಹಾರ ಸಂಸ್ಥೆ ಇದೆಯಲ್ಲ ಸರ್, ಅವರು ಇನ್‌ಫ್ರಾಸ್ಟ್ರಕ್ಚರ್ ಸಪೋರ್ಟ್‌ಗೆ ಜನ ಬೇಕು ಅಂತ ವರ್ಷದಿಂದ ಹಾಕ್ತಾನೇ ಇದಾರೆ. ಕೆಲಸದ ಪರ್ಮಿಟ್ಟೂ ಅವರೇ ಮಾಡಿಸ್ತಾರಂತೆ.”

“ಸಪೋರ್ಟಾ?” ಧನಂಜಯ ನಕ್ಕ. “ಅದು ಫ್ರೆಶರ್ಸ್ ಮಾಡೋ ಕೆಲ್ಸ ಕಣೇ. ‘ಆಫ್ ಮಾಡಿ ಸಾರ್, ಆನ್ ಮಾಡಿ ಸಾರ್.’”

“ಅಷ್ಟು ಸುಲಭ ಇದ್ರೆ ವರ್ಷದಿಂದ ಯಾಕ್ರೀ ಖಾಲಿ ಇದೆ?”

ಎಲ್ಲರೂ ನಕ್ಕರು. ಭಾನುಮತಿ ಮಾತ್ರ ನಗದೆ, ಅವಳ ಎಲೆಗೆ ಉಪ್ಪು ಬಡಿಸುತ್ತ, “ಹಾಕಮ್ಮ ಅರ್ಜಿ. ನಗೋರು ನಗ್ತಿರ್ಲಿ,” ಎಂದರು.

ಸಂದರ್ಶನ ಮಾಡಿದವಳು ಅಕಿನ್ಯಿ, ಆ ಸಂಸ್ಥೆಯ ಐಟಿ ವಿಭಾಗದ ಮುಖ್ಯಸ್ಥೆ. ಪ್ರಮಾಣಪತ್ರಗಳನ್ನು ಪಕ್ಕಕ್ಕಿಟ್ಟು, ಪಕ್ಕದ ಕೋಣೆಗೆ ಹೋಗಿ ತೇಜಸ್ವಿನಿಗೆ ಫೋನು ಮಾಡಿದಳು. “ನಾನು ಲೋಡ್ವಾರ್‌ನ ಗೋದಾಮಿನವಳು. ಏನೂ ಕೆಲಸ ಮಾಡ್ತಿಲ್ಲ. ಬೆಳಿಗ್ಗೆಯಿಂದ ಒದ್ದಾಡ್ತಿದ್ದೇನೆ. ನೀವು ನೈರೋಬಿಯವರು ಯಾತಕ್ಕೂ ಬಾರದವರು,” ಎಂದು ಬಯ್ದಳು. ತೇಜಸ್ವಿನಿ ಕೇಳಿದ ಮೊದಲ ಪ್ರಶ್ನೆ, “ನಿಮ್ಮ ತಲೆಯ ಮೇಲಿನ ಫ್ಯಾನು ತಿರುಗ್ತಾ ಇದೆಯಾ?” ಎಂದು. ಕರೆಂಟಿದೆಯೇ ಎಂದು ಕೇಳಿದರೆ ಸಿಟ್ಟಿನಲ್ಲಿರುವವರು ಇದೆ ಎಂದೇ ಹೇಳುತ್ತಾರೆ, ಫ್ಯಾನು ಕೇಳಿದರೆ ತಲೆ ಎತ್ತಿ ನೋಡುತ್ತಾರೆ. ಅಕಿನ್ಯಿ ಈ ಕೋಣೆಗೆ ವಾಪಸು ಬಂದು, “ಕ್ಲೌಡ್ ಗೊತ್ತು ಅನ್ನುವವರು ನನ್ನ ಬಾಗಿಲಲ್ಲಿ ಸಾಲು ನಿಂತಿದ್ದಾರೆ. ಹೀಗೆ ಕೇಳುವವರು ಸಿಕ್ಕಿರಲಿಲ್ಲ,” ಎಂದಳು.

ಕೆಲಸ ಸಿಕ್ಕಿತು. ಮೊದಲ ಆರು ತಿಂಗಳು ಪ್ರೊಬೇಷನ್. ಅದರೊಳಗೆ ಒಂದು ವಾರ ಆನ್-ಕಾಲ್ ಫೋನನ್ನು ಒಬ್ಬಳೇ ನಿಭಾಯಿಸಿ ತೋರಿಸಬೇಕು, ಆಗ ಕಾಯಂ. ಇಲ್ಲವಾದರೆ ಪರ್ಮಿಟ್ಟೂ ಇಲ್ಲ, ಕೆಲಸವೂ ಇಲ್ಲ, ಪಾಸ್‌ಪೋರ್ಟಿನ ಹಳೆಯ ಮುದ್ರೆಯೇ ಗತಿ.

ಆ ಫೋನಿನ ವ್ಯವಸ್ಥೆ ಸರಳವಾಗಿತ್ತು. ಸಂಸ್ಥೆಯ ದೂರದ ಕಚೇರಿಗಳಲ್ಲಿ ಯಾವುದಾದರೂ ಯಂತ್ರ ನಿಂತುಹೋದರೆ ಫೋನು ತಾನಾಗಿ ಹೊಡೆದುಕೊಳ್ಳುತ್ತದೆ. ಎತ್ತಿದರೆ ಒಂದು ಧ್ವನಿ ಇಂಥ ಊರಿನಲ್ಲಿ ಇಂಥದು ನಿಂತಿದೆ ಎಂದು ಹೇಳಿ, ಒಪ್ಪಿಕೊಳ್ಳಲು ಒಂದನ್ನು ಒತ್ತಿ ಎನ್ನುತ್ತದೆ. ಒತ್ತಿದರೆ, ಯಾರೋ ಕೆಲಸ ಕೈಗೆತ್ತಿಕೊಂಡರು ಎಂದು ಯಂತ್ರ ನಂಬಿ ಸುಮ್ಮನಾಗುತ್ತದೆ. ಒತ್ತದಿದ್ದರೆ ಸ್ವಲ್ಪ ಹೊತ್ತು ಕಾದು ಮುಂದಿನವರಿಗೆ ಹೊಡೆಯುತ್ತದೆ. ಮುಂದಿನವನು ಫೆಲಿಕ್ಸ್, ಅವಳ ಪಕ್ಕದ ಮೇಜಿನವನು.

“ನಿದ್ದೆಗಣ್ಣಲ್ಲಿ ಮಾತ್ರ ಒಂದು ಒತ್ತಬೇಡ ತೇಜ್,” ಎಂದಿದ್ದ ಫೆಲಿಕ್ಸ್. “ಒತ್ತಿ ಮಲಗಿಬಿಟ್ಟರೆ ನಿನ್ನನ್ನೂ ಎಬ್ಬಿಸುವವರಿಲ್ಲ, ನನ್ನನ್ನೂ ಎಬ್ಬಿಸುವವರಿಲ್ಲ.”

ಅವಳ ವಾರ ಗೊತ್ತಾದ ದಿನವೇ ಕ್ಯಾಲೆಂಡರ್ ನೋಡಿದಳು. ಆ ಭಾನುವಾರ ಸರದಿ ಊಟ ಅವರ ಮನೆಯದು.

“ರೀ, ಆ ಭಾನುವಾರ ನನ್ನ ಹತ್ರ ಫೋನ್ ಇರುತ್ತೆ. ದ್ವಾರಕಾನಾಥ್ ಸರ್‌ಗೆ ಹೇಳಿ ನಮ್ಮ ಸರದಿ ಮುಂದಕ್ಕೆ ಹಾಕ್ಸಿ.”

“ಹೂಂ, ನೋಡ್ಕೋತೀನಿ,” ಎಂದ ಧನಂಜಯ.

ಧನಂಜಯನಿಗೆ ಹೂಂ ಅನ್ನುವುದು ಬಹಳ ಚೆನ್ನಾಗಿ ಬರುತ್ತಿತ್ತು. ಜಗಳ ಆಡುವ ಮನುಷ್ಯನಲ್ಲ, ಕೈ ಎತ್ತಿದವನಲ್ಲ, ಹೆಂಡತಿ ಕೆಲಸಕ್ಕೆ ಹೋಗುವುದಕ್ಕೂ ಹೂಂ ಅಂದಿದ್ದ. ಗ್ಯಾಸ್ ಬುಕ್ ಮಾಡಬೇಕು ಅಂದರೆ ಹೂಂ, ಪ್ರಣತಿಯ ಸ್ಕೂಲಿಗೆ ಹೋಗಬೇಕು ಅಂದರೆ ಹೂಂ. ಆಮೇಲೆ ಗ್ಯಾಸೂ ಬರುತ್ತಿತ್ತು, ಸ್ಕೂಲಿಗೂ ಹೋಗಿ ಬಂದಾಗುತ್ತಿತ್ತು. ಹೋಗಿ ಬಂದವರು ಯಾರು ಎಂದು ಅವನು ಯೋಚಿಸಿರಲಿಲ್ಲ.

ಶುಕ್ರವಾರ ಭಾನುಮತಿಯೇ ಫೋನು ಮಾಡಿ, “ಭಾನುವಾರಕ್ಕೆ ಒಬ್ಬಟ್ಟು ನಾನು ತರ್ಲಾ ತೇಜು?” ಎಂದಾಗ, ಸರದಿ ಮುಂದಕ್ಕೆ ಹೋಗಿಲ್ಲವೆಂದು ಅವಳಿಗೆ ಗೊತ್ತಾಯಿತು.

“ಅಯ್ಯೋ, ಮರ್ತೇಹೋಯ್ತು,” ಎಂದ ಧನಂಜಯ. “ಈಗ ಹೇಳಿದ್ರೆ ಚೆನ್ನಾಗಿರಲ್ಲ. ಸಿಂಪಲ್ಲಾಗಿ ಮಾಡು. ಜಾಸಿಂತಾನ ಕರೆಸ್ಕೊ.”

ಜಾಸಿಂತಾ ಕಸರಾನಿಯಿಂದ ಮಟಾಟು ವ್ಯಾನು ಹಿಡಿದು ಬರುವವಳು. ವಾರವಿಡೀ ಇವರ ಮನೆ ಗುಡಿಸಿ ಒರೆಸಿ, ಭಾನುವಾರ ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತಿದ್ದಳು. ಕೇಳಿದರೆ ಇಲ್ಲ ಅನ್ನಲಾರದೆ ಬರುತ್ತಿದ್ದಳೇನೋ. ಅದಕ್ಕೇ ತೇಜಸ್ವಿನಿ ಕೇಳಲಿಲ್ಲ. ತನ್ನ ಭಾನುವಾರ ಹೋಯಿತೆಂದು ಇನ್ನೊಬ್ಬಳ ಭಾನುವಾರಕ್ಕೆ ಕೈ ಹಾಕುವುದು ಅವಳಿಗೆ ಸರಿ ಕಾಣಲಿಲ್ಲ. ಶನಿವಾರ ಹೊರಡುವಾಗ ಜಾಸಿಂತಾ, ತೇಜಸ್ವಿನಿ ಹೆಚ್ಚಿಟ್ಟ ತರಕಾರಿಯ ರಾಶಿ ನೋಡಿ, “ಪ್ರಣತಿಯ ಅಮ್ಮಾ, ನಾಳೆ ನಿಮಗೆ ಎಷ್ಟು ಕೈ?” ಎಂದು ಕೇಳಿ, ತಾನೇ ಉತ್ತರ ಗೊತ್ತಿದ್ದವಳಂತೆ “ಪೋಲೆ” ಎಂದು ಮರುಕದಿಂದ ಹೇಳಿ ಹೋದಳು.

ಭಾನುವಾರ ಹುಳಿ, ಪಲ್ಯ, ಚಿತ್ರಾನ್ನ, ಪಾಯಸ ಎಲ್ಲವೂ ಹೊತ್ತಿಗೆ ಸರಿಯಾಗಿ ಆದವು. ಅವಳು ಜೇಬಿರುವ ಚೂಡಿದಾರ ಹಾಕಿ ಫೋನನ್ನು ಮೈಮೇಲೇ ಇಟ್ಟುಕೊಂಡಿದ್ದಳು. ಬೆಳಿಗ್ಗೆಯಿಂದ ಅದು ಒಮ್ಮೆ ಹೊಡೆದಿತ್ತು, ಗಾರಿಸ್ಸಾದ ಕಚೇರಿಯದು. ಒಗ್ಗರಣೆ ಇಳಿಸಿ, ಸರಿ ಮಾಡಿಸಿ, ಮತ್ತೆ ಒಗ್ಗರಣೆ ಇಟ್ಟಿದ್ದಳು. ಎರಡೂ ಕೆಲಸ ಒಟ್ಟಿಗೆ ಆಗುತ್ತಿವೆಯಲ್ಲ ಎಂದು ಒಂದು ಗಳಿಗೆ ಹೆಮ್ಮೆಯೂ ಆಗಿತ್ತು.

ಮೊದಲ ಪಂಕ್ತಿ ಕೂತಿತ್ತು. ಆಗ ನಲ್ಲಿಯಲ್ಲಿ ನೀರು ನಿಂತಿತು.

“ರೀ, ಪಂಪ್ ಹಾಕಕ್ಕೆ ಅಸ್ಕಾರಿಗೆ ಹೇಳಿದ್ರಾ? ಬೆಳಿಗ್ಗೇನೇ ಹೇಳಿದ್ದೆ.”

ಕಾವಲುಗಾರನಿಗೆ ಧನಂಜಯ ಹೇಳಿರಲಿಲ್ಲ. “ಹೇಳ್ತೀನಿ ಇರು,” ಎಂದ, ದ್ವಾರಕಾನಾಥ್‌ಗೆ ಬ್ಯಾಂಕಿನ ಯಾವುದೋ ಕಥೆ ಹೇಳುತ್ತ, ಎದುರಿಗೆ ಎಲೆ ಇಟ್ಟುಕೊಂಡು. ಎಲೆ ಮುಂದೆ ಕೂತವನನ್ನು ಎಬ್ಬಿಸುವುದು ಅವಳ ಕೈಯಲ್ಲಿ ಆಗಲಿಲ್ಲ. ಪಂಪಿರುವುದು ನೆಲಮಾಳಿಗೆಯಲ್ಲಿ, ಅಲ್ಲಿ ಸಿಗ್ನಲ್ ಇಲ್ಲ. ಅವಳು ಫೋನು ತೆಗೆದು ಅವನ ಎಡಗೈಗೆ ಕೊಟ್ಟಳು.

“ನಾನು ಕೆಳಗೆ ಹೋಗಿ ಬರ್ತೀನಿ. ಇದು ಹೊಡೆದ್ರೆ ಎತ್ಬೇಡಿ. ಪ್ರಣತೀನ ಕಳ್ಸಿ, ಓಡಿ ಬರ್ತೀನಿ.”

“ಹೂಂ.”

ಅಸ್ಕಾರಿ ಗೇಟಿನಲ್ಲಿರಲಿಲ್ಲ. ಹುಡುಕಿ, ಬೀಗದಕೈ ತೆಗೆಸಿ, ಪಂಪು ಹಾಕಿಸಿ ಮೇಲೆ ಬರುವುದಕ್ಕೆ ಹೊತ್ತು ಹಿಡಿಯಿತು. ಬಾಗಿಲು ದಾಟುತ್ತಿದ್ದಂತೆ ಯಾರೋ ಅನ್ನ ಕೇಳಿದರು, ಯಾರೋ ಮಜ್ಜಿಗೆ. ಗಂಡನ ಎಲೆಯ ಪಕ್ಕದಲ್ಲಿದ್ದ ಫೋನು ತೆಗೆದುಕೊಂಡು ಜೇಬಿಗೆ ಹಾಕಿದಳು. ಅವನು ಏನೂ ಹೇಳಲಿಲ್ಲ. ಅವಳು ತೆರೆದು ನೋಡಲಿಲ್ಲ.

ಹೆಂಗಸರ ಪಂಕ್ತಿ ಏಳುವ ಹೊತ್ತಿಗೆ ಅವಳ ಸ್ವಂತ ಫೋನಿಗೆ ಅಕಿನ್ಯಿಯ ಕರೆ ಬಂತು. “ತೇಜಸ್ವಿನಿ, ಲೋಡ್ವಾರ್ ನಿಂತು ಬಹಳ ಹೊತ್ತಾಯಿತು. ಒಪ್ಪಿಕೊಂಡವಳು ನೀನು ಎಂದು ತೋರಿಸುತ್ತಿದೆ. ಏನು ಮಾಡುತ್ತಿದ್ದೀಯ?”

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಜೇಬಿನ ಫೋನು ತೆಗೆದು ನೋಡಿದರೆ ಕರೆ ಬಂದು, ಎತ್ತಿ, ಒಂದು ಒತ್ತಿದ ಗುರುತಿತ್ತು. ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿ ಲೋಡ್ವಾರ್‌ಗೆ ಫೋನು ಹಚ್ಚಿದಳು. ಗೋದಾಮಿನ ಪೀಟರ್ ಎತ್ತಿದ. ಕರೆಂಟು ಹೋಗಿ ಜನರೇಟರ್ ಬಂದಾಗ ನೆಟ್‌ವರ್ಕಿನ ಪೆಟ್ಟಿಗೆ ಏಳದೆ ಕೂತಿತ್ತು, ಅಷ್ಟೇ. ಪ್ಲಗ್ ಕಿತ್ತು, ನೂರು ಎಣಿಸಿ, ಮತ್ತೆ ಹಾಕಿಸಿದಳು. ದೀಪಗಳು ಒಂದೊಂದಾಗಿ ಹತ್ತಿದವೆಂದು ಪೀಟರ್ ಹೇಳಿದ.

“ಸವಾ, ಸರಿಯಾಯಿತು,” ಎಂದ ಅವನು. “ಆದರೆ ಲಾರಿಗಳು ಇಲ್ಲೇ ಉಳಿದವು.”

ಬರಗಾಲದ ಊರುಗಳಿಗೆ ನೀರಿನ ಕ್ಯಾನು, ಟಾರ್ಪಾಲು ಹೊತ್ತ ಲಾರಿಗಳು. ಗೋದಾಮಿನ ಕಂಪ್ಯೂಟರಿನಿಂದ ಚೀಟಿ ಮುದ್ರಣವಾಗದೆ ಗೇಟು ದಾಟುವಂತಿರಲಿಲ್ಲ. ಪೊಲೀಸರ ಬೆಂಗಾವಲು ಕಾದು ಕಾದು ಉಳಿದವರ ಲಾರಿಗಳನ್ನು ಕರೆದುಕೊಂಡು ಹೊರಟುಹೋಗಿತ್ತು. ಇನ್ನು ಮಾರನೆಯ ದಿನವೇ.

ಅವಳು ಹೊರಗೆ ಬಂದಾಗ ನೆಂಟರು ಎಲೆ ಅಡಿಕೆ ಹಾಕಿಕೊಂಡು ಹೊರಡುತ್ತಿದ್ದರು. ಎಲ್ಲರಿಗೂ ಕುಂಕುಮ ಕೊಟ್ಟು ಕಳಿಸಿದಳು. ಆಮೇಲೆ ಸಿಂಕಿನ ಮುಂದೆ ನಿಂತು ಕೇಳಿದಳು.

“ಒಂದು ಒತ್ತಿದ್ದು ನೀವಾ?”

“ಹೂಂ. ಒಂದೇ ಸಮ ಹೊಡೀತಿತ್ತು. ನಮ್ಮ ಬ್ಯಾಂಕಿನ ಥರದ್ದೇ ಸಿಸ್ಟಮ್ಮು ಅಂತ ಗೊತ್ತಾಯ್ತು. ಒತ್ದೆ. ನೀನು ನೆಮ್ಮದಿಯಾಗಿ ಬಡಿಸ್ಲಿ ಅಂತ ಕಣೇ.”

“ಒತ್ತಿದ್ಮೇಲೆ ಕೆಲ್ಸ ಯಾರು ಮಾಡ್ತಾರೆ ಅಂದ್ಕೊಂಡ್ರಿ?”

ಧನಂಜಯ ಫ್ರಿಜ್ಜಿಗೆ ಒರಗಿ ನಿಂತಿದ್ದ. ಪ್ರಾಮಾಣಿಕವಾಗಿಯೇ ಯೋಚಿಸಿದ. “ನಮ್ಮಲ್ಲಿ ನಾನು ಒತ್ತಿದ್ರೆ ಶಿಫ್ಟಲ್ಲಿರೋ ಹುಡುಗ್ರಿಗೆ ಸ್ಕ್ರೀನಲ್ಲಿ ಕಾಣುತ್ತೆ. ಅವರು ಮಾಡ್ತಾರೆ.”

“ನನ್ನ ಹಿಂದೆ ಹುಡುಗ್ರು ಇಲ್ಲ. ನಾನೇ ಹುಡುಗ್ರು.”

ಅವಳು ಹುಳಿಯ ಪಾತ್ರೆ ಉಜ್ಜುತ್ತಿದ್ದಳು. ಅವನು ಹೇಳಿದ, “ಸಿಗ್ನಲ್ ಇರ್ಲಿಲ್ಲ ಅನ್ನು. ಬೇಸ್‌ಮೆಂಟಿಗೆ ಹೋಗಿದ್ದಂತೂ ನಿಜ ತಾನೆ?”

“ಸಿಗ್ನಲ್ ಇಲ್ದೆ ಒಂದು ಹೆಂಗೆ ಒತ್ತಿದ್ಲು ಅಂತ ಕೇಳಲ್ವಾ?”

“ಜೇಬಲ್ಲಿ ಒತ್ಕೊಂಡ್ಬಿಡ್ತು ಅನ್ನು. ಏನಾದ್ರೂ ಹೇಳು ತೇಜು, ನನ್ನ ಹೆಸರು ಮಾತ್ರ ತರ್ಬೇಡ. ಈ ಊರಲ್ಲಿ ನಮ್ಮ ಲೈನಿನವರೆಲ್ಲ ಒಬ್ರಿಗೊಬ್ರು ಗೊತ್ತು. ಡೇಟಾ ಸೆಂಟರ್ ಮ್ಯಾನೇಜರ್ರು ಹೆಂಡ್ತಿ ಫೋನಲ್ಲಿ ಒಂದು ಒತ್ತಿ ಪಾಯಸ ತಿಂತಾ ಕೂತಿದ್ನಂತೆ ಅಂದ್ರೆ ನನ್ನ ಮುಖ ಎಲ್ಲಿಡ್ಲಿ? ಮನೆ ವಿಷ್ಯ ಮನೇಲಿರ್ಲಿ.”

ಇಷ್ಟು ದಿನ ಮನೆಯ ವಿಷಯವೆಲ್ಲ ಮನೆಯಲ್ಲೇ ಇತ್ತು. ಅಲ್ಲೇ ಇದ್ದದ್ದರಿಂದಲೇ ಯಾರಿಗೂ ಕಾಣುತ್ತಿರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಪಾತ್ರೆ ಬೋರಲು ಹಾಕಿದಳು.

ಆ ಕಚೇರಿಯಲ್ಲಿ ಒಂದು ರೂಢಿಯಿತ್ತು. ಏನಾದರೂ ಎಡವಟ್ಟಾದರೆ ಎಲ್ಲರೂ ಒಂದು ಕೋಣೆಯಲ್ಲಿ ಕೂತು, ಯಾರನ್ನೂ ಬಯ್ಯದೆ, ಏನಾಯಿತು, ಯಾಕಾಯಿತು, ಮತ್ತೆ ಆಗದಂತೆ ಏನು ಮಾಡುವುದು ಎಂದು ಮಾತಾಡಬೇಕು. ಸೋಮವಾರ ಬೆಳಿಗ್ಗೆ ಮಟಾಟುವಿನಲ್ಲಿ ಕಿಟಕಿ ಪಕ್ಕ ಕೂತು ತೇಜಸ್ವಿನಿ ಎರಡು ಉತ್ತರಗಳನ್ನೂ ಮನಸ್ಸಿನಲ್ಲಿ ಆಡಿ ನೋಡಿದಳು. ಜೇಬಿನಲ್ಲಿ ಒತ್ತಿಕೊಂಡಿತು ಎಂದರೆ ಅಜಾಗರೂಕಳಾಗುತ್ತಾಳೆ. ನಿಜ ಹೇಳಿದರೆ, ಕೆಲಸದ ಫೋನನ್ನು ಗಂಡನ ಕೈಗೆ ಕೊಟ್ಟವಳಾಗುತ್ತಾಳೆ. ಎರಡರಲ್ಲೂ ಕಾಯಂ ಆಗುವ ದಾರಿ ಕಾಣಲಿಲ್ಲ. ಸುಳ್ಳಿನಲ್ಲಿ ಒಂದು ಹೆಚ್ಚಿನ ತೊಂದರೆಯಿತ್ತು. ಜೇಬಿನದೇ ತಪ್ಪಾದರೆ ಅವರು ಜೇಬಿಗೆ ಮದ್ದು ಹುಡುಕುತ್ತಾರೆ, ಮುಂದಿನ ಸಲವೂ ಇದೇ ಆಗುತ್ತದೆ.

ಸ್ಪ್ರಿಂಗ್ ವ್ಯಾಲಿಯ ಆ ಕೋಣೆಯಲ್ಲಿ ಅಕಿನ್ಯಿ, ಫೆಲಿಕ್ಸ್, ಲೋಡ್ವಾರ್‌ನಿಂದ ಸ್ಪೀಕರ್ ಫೋನಿನಲ್ಲಿ ಪೀಟರ್.

“ಒಂದು ಒತ್ತಿದ್ದು ನನ್ನ ಗಂಡ,” ಎಂದಳು ತೇಜಸ್ವಿನಿ. “ನಾನು ಪಂಪ್ ಹಾಕಿಸಲು ಕೆಳಗೆ ಹೋಗಿದ್ದೆ. ಅಲ್ಲಿ ಸಿಗ್ನಲ್ ಇಲ್ಲ. ಫೋನನ್ನು ಅವರ ಕೈಗೆ ಕೊಟ್ಟೆ. ಫೆಲಿಕ್ಸ್‌ಗೆ ಒಂದು ಮಾತು ಹೇಳಿ ಹೋಗಬೇಕಿತ್ತು, ಹೇಳಲಿಲ್ಲ. ವಾಪಸು ತೆಗೆದುಕೊಂಡಾಗ ನೋಡಬೇಕಿತ್ತು, ನೋಡಲಿಲ್ಲ. ಮನೆಯಲ್ಲಿ ನೆಂಟರಿದ್ದರು, ಬಡಿಸುತ್ತಿದ್ದೆ.”

“ಆನ್-ಕಾಲ್ ವಾರದಲ್ಲಿ ನೆಂಟರು?” ಎಂದ ಫೆಲಿಕ್ಸ್.

“ಮುಂದಕ್ಕೆ ಹಾಕಿಸುತ್ತೇನೆ ಅಂದಿದ್ದರು.”

“ಯಾರು?”

“ಅವರೇ.”

ಸ್ಪೀಕರಿನೊಳಗಿಂದ ಪೀಟರ್ ಗಂಟಲು ಸರಿ ಮಾಡಿಕೊಂಡ. “ನನ್ನ ಹೆಂಡತಿ ಇಲ್ಲಿ ಪಕ್ಕದಲ್ಲಿದ್ದಾಳೆ,” ಎಂದ. “ಹೌದೆಂದು ಬಹಳ ಜೋರಾಗಿ ತಲೆಯಾಡಿಸುತ್ತಿದ್ದಾಳೆ.”

ಫೆಲಿಕ್ಸ್ ನಕ್ಕುಬಿಟ್ಟ. ಅಕಿನ್ಯಿ ನಗಲಿಲ್ಲ. ಅವಳ ಇಬ್ಬರು ಮಕ್ಕಳು ಕಿಸುಮುವಿನಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದರು. ಅದನ್ನು ಅವಳು ಕಚೇರಿಯಲ್ಲಿ ಹೇಳಿದ್ದು ಕಡಿಮೆ. “ಇನ್ನು ಮೇಲೆ ಒಂದು ಒತ್ತಿದ ಮೇಲೆ ಅವರವರ ಗುಟ್ಟಿನ ಸಂಖ್ಯೆಯನ್ನೂ ಒತ್ತಬೇಕು. ಫೆಲಿಕ್ಸ್, ಅದನ್ನು ಈ ವಾರವೇ ಹಾಕು. ಒಪ್ಪಿಕೊಂಡು ಹತ್ತು ನಿಮಿಷದಲ್ಲಿ ಏನು ಮಾಡುತ್ತಿದ್ದೇನೆ ಎಂದು ಹೇಳದಿದ್ದರೆ ಮತ್ತೆ ಹೊಡೆಯಲಿ. ಫೋನಿಗೆ ಇಷ್ಟು ಸಾಕು.” ತೇಜಸ್ವಿನಿಯ ಕಡೆ ತಿರುಗಿದಳು. “ಮನೆಗೆ ಏನು ಮಾಡಬೇಕು ಎಂದು ನಾನು ಹೇಳಲಾರೆ. ನಿನ್ನ ಪ್ರೊಬೇಷನ್ ಇನ್ನೊಂದು ಸರದಿಯವರೆಗೆ ಮುಂದುವರಿಸುತ್ತೇನೆ. ಆ ವಾರ ಸರಿಯಾಗಿ ಹೋಗಬೇಕು. ಮೇಲಿನವರನ್ನು ಇನ್ನೊಂದು ಸಲ ಕೇಳಲು ನನಗೂ ಆಗುವುದಿಲ್ಲ.”

ಸಂಜೆ ಧನಂಜಯ ಬಾಗಿಲಲ್ಲೇ ಕೇಳಿದ. “ಏನ್ ಹೇಳ್ದೆ?”

“ಆಗಿದ್ದು ಹೇಳ್ದೆ.”

ಅವನು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ಮೂರನೆಯ ದಿನ ಗಂಟು ತಾನಾಗಿ ಸಡಿಲವಾಯಿತು, ಏಕೆಂದರೆ ಊರಿನಲ್ಲಿ ಯಾರೂ ಅವನ ವಿಷಯ ಮಾತಾಡಿಕೊಳ್ಳಲಿಲ್ಲ.

ಎರಡನೆಯ ವಾರ ಹತ್ತಿರ ಬಂದಾಗ ಅವಳು ಅವನನ್ನು ಊಟದ ಮೇಜಿಗೆ ಕರೆದು ಕೂರಿಸಿದಳು. “ಸೋಮವಾರದಿಂದ ಫೋನ್ ನನ್ನ ಹತ್ರ. ಆ ವಾರ ಮನೆ ನಿಮ್ದು.”

“ಹೂಂ.”

“ಹೂಂ ಬೇಡ. ಏನ್ ಮಾಡ್ತೀರಿ ಹೇಳಿ.”

“ಎಲ್ಲಾ ಮಾಡ್ತೀನಿ ಬಿಡೇ.”

“ಎಲ್ಲಾ ಅಂದ್ರೆ ಯಾವುದು?”

ಧನಂಜಯನಿಗೆ ಅದು ನಿಜವಾಗಿ ಕಷ್ಟದ ಪ್ರಶ್ನೆಯಾಯಿತು. ಡೇಟಾ ಸೆಂಟರಿನ ಒಂದೊಂದು ಕೇಬಲ್ಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. “ಅಡುಗೆ,” ಎಂದ. ಆಮೇಲೆ, “ಪ್ರಣತಿ ಸ್ಕೂಲು.” ಆಮೇಲೆ ನಿಂತುಬಿಟ್ಟ. “ಇನ್ನೇನಿದೆ? ಒಂದು ಲಿಸ್ಟ್ ಬರ್ದು ಕೊಡು, ಮಾಡ್ತೀನಿ.”

“ಲಿಸ್ಟ್ ಮಾಡೋದೂ ಒಂದು ಕೆಲ್ಸ ಕಣ್ರೀ. ಅದೂ ಈ ವಾರ ನಿಮ್ದೇ.”

ಪ್ರಣತಿ ಹೋಂವರ್ಕಿನಿಂದ ತಲೆ ಎತ್ತಿ, “ಪಪ್ಪಾ, ಯು ಕ್ಯಾನ್ ಆಸ್ಕ್ ಜಾಸಿಂತಾ. ಶಿ ನೋಸ್,” ಎಂದಳು. ಅಮ್ಮ ಅವಳ ಕಡೆ ನೋಡಿದ ಮೇಲೆ, “ಆರ್ ಮಿ,” ಎಂದು ಸೇರಿಸಿದಳು.

ವಾರ ಶುರುವಾಯಿತು. ಮೊದಲ ದಿನ ಉಪ್ಪಿಟ್ಟು ಮುದ್ದೆಯಾಯಿತು. ಇನ್ನೊಂದು ದಿನ ಪ್ರಣತಿ ಈಜುವ ಬಟ್ಟೆಯಿಲ್ಲದೆ ಸ್ಕೂಲಿಗೆ ಹೋಗಿ ದಡದಲ್ಲಿ ಕೂತು ಬಂದಳು. ತೇಜಸ್ವಿನಿಗೆ ಬಟ್ಟೆ ಎಲ್ಲಿದೆಯೆಂದು ಗೊತ್ತಿತ್ತು. ಹೇಳಲು ಬಾಯಿ ತೆರೆದಳು ಕೂಡ, ಅಷ್ಟರಲ್ಲಿ ಕಿಸುಮುವಿನ ಸರ್ವರ್ ನಿಂತಿದೆಯೆಂದು ಫೋನು ಹೊಡೆಯಿತು. ಒಂದು ಒತ್ತಿ, ತನ್ನ ಸಂಖ್ಯೆ ಒತ್ತಿ, ಕೋಣೆಯ ಬಾಗಿಲು ಹಾಕಿಕೊಂಡಳು. ಹೊರಗಿನಿಂದ “ತೇಜು, ಬೇಳೆ ಎಲ್ಲಿದೆ?” ಎಂಬ ಕೂಗು ಕೇಳಿಸುತ್ತಿತ್ತು. ಉತ್ತರ ಕೊಡದೆ ಇರುವುದಕ್ಕೆ ಸರ್ವರ್ ಎಬ್ಬಿಸುವುದಕ್ಕಿಂತ ಹೆಚ್ಚು ಶ್ರಮವಾಯಿತು.

ಶನಿವಾರ ಭಾನುಮತಿಯ ಫೋನು ಬಂತು.

“ಹೆಂಗಿದೀಯಾ ತೇಜು? ಜ್ವರ ಇಳೀತಾ?”

“ಯಾವ ಜ್ವರ ಆಂಟಿ?”

“ಧನಂಜಯ ಫೋನ್ ಮಾಡಿದ್ದನಲ್ಲ. ನಿಂಗೆ ಹುಷಾರಿಲ್ಲ, ನಾಳೆ ಪಾಯಸ ಮಾಡ್ಕೊಂಡು ಬರಕ್ಕಾಗಲ್ಲ ಅಂತ. ನಮ್ಮನೇಲೇ ತಾನೆ ಊಟ, ನಾನೇ ಮಾಡ್ಕೋತೀನಿ ಅಂದೆ.”

ಈ ಸಲ ಅವನು ಮರೆತಿರಲಿಲ್ಲ. ಭಾನುಮತಿಗೆ ತಿಳಿಸಿ ಎಂದು ಅವಳು ಹೇಳಿದ್ದ ಕೆಲಸ ಮಾಡಿದ್ದ. ಆದರೆ ಹೆಂಡತಿಗೆ ಡ್ಯೂಟಿಯಿದೆ ಎನ್ನುವುದಕ್ಕಿಂತ ಜ್ವರ ಬಂದಿದೆ ಎನ್ನುವುದು ಅವನ ಬಾಯಿಗೆ ಸುಲಭವಾಗಿತ್ತು. ಎದುರಿಗೆ ಈರುಳ್ಳಿ ಹೆಚ್ಚುತ್ತಿದ್ದ ಧನಂಜಯ ಕಣ್ಣೊರೆಸಿಕೊಂಡು, ಕೈಸನ್ನೆಯಲ್ಲಿ ಬೇಡ ಬೇಡ ಎಂದ.

“ಜ್ವರ ಇಲ್ಲ ಆಂಟಿ, ಚೆನ್ನಾಗಿದೀನಿ. ಆಫೀಸಿಂದು ಆನ್-ಕಾಲ್ ಇದೆ. ಎಷ್ಟು ಹೊತ್ತಲ್ಲಿ ಫೋನ್ ಬರುತ್ತೋ ಗೊತ್ತಿಲ್ಲ. ಅದಕ್ಕೇ ಮಾಡಕ್ಕಾಗಲ್ಲ.”

“ಅದನ್ನ ನೆಟ್ಟಗೆ ಹೇಳಕ್ಕೇನಂತೆ ಅವನಿಗೆ?” ಎಂದರು ಭಾನುಮತಿ. “ಫೋನ್ ತಗೊಂಡೇ ಬಾ. ನಮ್ಮ ಒಳಗಿನ ರೂಮಲ್ಲಿ ಸಿಗ್ನಲ್ ಚೆನ್ನಾಗಿ ಬರುತ್ತೆ. ಈ ಸಲ ಪಾಯಸ ಇಲ್ಲ ಅಂತ ಅವರಿಗೆಲ್ಲ ಹೇಳ್ತೀನಿ. ಇಪ್ಪತ್ತು ವರ್ಷದಲ್ಲಿ ಒಂದ್ಸಲ ಇಲ್ದಿದ್ರೆ ಯಾರೂ ಸಾಯಲ್ಲ.”

ಭಾನುವಾರ ಫೋನು ಹೊಡೆದಾಗ ಅವಳ ಎಲೆಗೆ ಆಗತಾನೆ ಅನ್ನ ಬಿದ್ದಿತ್ತು. ದ್ವಾರಕಾನಾಥ್ ಸೋಫಾದಿಂದ, “ಏ ಧನಂಜಯ, ಬ್ಯಾಂಕು ಕರೀತಿದೆ ನೋಡಪ್ಪ,” ಎಂದರು.

“ನಂದಲ್ಲ ಸರ್,” ಎಂದ ಧನಂಜಯ. “ಅವಳ್ದು.”

ಅವಳು ಕೈ ತೊಳೆದು ಒಳಗಿನ ಕೋಣೆಗೆ ಹೋದಳು. ಮತ್ತೆ ಲೋಡ್ವಾರ್. ಮತ್ತೆ ಪೀಟರ್. ಈ ಸಲ ಪ್ಲಗ್ಗಿನಿಂದ ಆಗಲಿಲ್ಲ. ಪೆಟ್ಟಿಗೆಯೇ ಸುಟ್ಟಿತ್ತು. ಕಪಾಟಿನಲ್ಲಿ ಇಡಿಸಿದ್ದ ಇನ್ನೊಂದನ್ನು ತೆಗೆಸಿ, ತಂತಿಗಳನ್ನು ಒಂದೊಂದಾಗಿ ಬಣ್ಣ ಹೇಳಿಸಿ ಚುಚ್ಚಿಸಿ, ದೀಪ ಹತ್ತುವವರೆಗೆ ಅವಳು ಮಂಚದ ತುದಿಯಲ್ಲೇ ಕೂತಿದ್ದಳು.

“ಲಾರಿ?” ಎಂದು ಕೇಳಿದಳು.

“ಗೇಟು ದಾಟುತ್ತಿವೆ. ಅಸಾಂಟೆ,” ಎಂದು ಪೀಟರ್ ಧನ್ಯವಾದ ಹೇಳಿದ.

ಹೊರಗೆ ಬಂದರೆ ಎಲ್ಲರ ಊಟ ಮುಗಿದಿತ್ತು. ಅವಳ ಎಲೆ ಮಾತ್ರ ಹಾಗೇ ಇತ್ತು, ಅನ್ನ ಆರಿತ್ತು. ಭಾನುಮತಿ ಏಳುವ ಮೊದಲೇ ಧನಂಜಯ ಎದ್ದು ಬಂದು ಬಿಸಿ ಅನ್ನ ಬಡಿಸಿದ. ಒಂದು ಸೌಟು, ಎರಡು, ಮೂರು. ಅವಳು ಊಟಕ್ಕೆ ಎಷ್ಟು ಅನ್ನ ಹಾಕಿಕೊಳ್ಳುತ್ತಾಳೆಂದು ಇಷ್ಟು ವರ್ಷವಾದರೂ ಅವನಿಗೆ ತಿಳಿದಿರಲಿಲ್ಲ.

“ಸಾಕು,” ಎಂದಳು. “ಇದರಲ್ಲಿ ಅರ್ಧ ಸಾಕು ನಂಗೆ.”

“ಓ,” ಎಂದು ಅವನು ಅರ್ಧ ತೆಗೆದ.

ಸೋಮವಾರ ಬೆಳಿಗ್ಗೆ ಫೋನನ್ನು ಫೆಲಿಕ್ಸ್ ಕೈಗೆ ಕೊಟ್ಟು, ಲೋಡ್ವಾರ್‌ಗೆ ಇನ್ನೊಂದು ಪೆಟ್ಟಿಗೆ ಕಳಿಸಬೇಕು ಎಂದು ಹೇಳಿದಳು. ಅಕಿನ್ಯಿ ಹಾದುಹೋಗುತ್ತ ಅವಳ ಮೇಜಿನ ಬಳಿ ನಿಂತಳು. “ಕಾಯಂ ಮಾಡಲು ಬರೆದಿದ್ದೇನೆ. ಪರ್ಮಿಟ್ಟಿಗೆ ಹೊಸ ಫೋಟೋ ಬೇಕಂತೆ, ತಂದುಕೊಡು.”

ಸಂಜೆ ಮನೆಯಲ್ಲಿ ಅವಳು ಸುದ್ದಿ ಹೇಳಿದಾಗ ಧನಂಜಯ ನಿಜವಾಗಿಯೂ ಸಂತೋಷಪಟ್ಟ. ಆಮೇಲೆ ಸ್ವಲ್ಪ ಅನುಮಾನದಿಂದ ಕೇಳಿದ, “ಮುಂದಿನ ಸಲ ಫೋನ್ ಯಾವಾಗ ನಿಂಗೆ?”

“ಆರು ವಾರಕ್ಕೆ ಮತ್ತೆ ಬರುತ್ತೆ. ಆಮೇಲೆ ಬರ್ತಾನೇ ಇರುತ್ತೆ.”

“ಹೂಂ.”

ಅವಳು ಒಲೆಯ ಮುಂದಿನಿಂದ ಕದಲದೆ, ತಿರುಗಿ ಅವನನ್ನೇ ನೋಡುತ್ತ ನಿಂತಳು. ಸೌಟು ಕೈಯಲ್ಲೇ ಇತ್ತು. ಅವನು ಫ್ರಿಜ್ಜು ತೆರೆದ, ಒಳಗೆ ನೋಡಿದ, ಮುಚ್ಚಿದ.

“ಹಾಲಿಲ್ಲ,” ಎಂದ. “ತರ್ತೀನಿ.” ಬಾಗಿಲ ತನಕ ಹೋದವನು ತಿರುಗಿ ನಿಂತ. “ಎಷ್ಟು ಬೇಕಾಗುತ್ತೆ ದಿನಕ್ಕೆ?”

ತೇಜಸ್ವಿನಿ ಹೇಳಲಿಲ್ಲ. ಒಳಗಿನಿಂದ ಪ್ರಣತಿ ಕೂಗಿದಳು. “ಟೂ ಪ್ಯಾಕೆಟ್ಸ್, ಪಪ್ಪಾ.”